ಸೊಂಟಮಟ್ಟದ ಗೋಡೆ

ಅತಾವುಲ್ಲಾ ಕರೆಯಲು ಬಂದಾಗ ಲಕ್ಕಮ್ಮ ಹಿತ್ತಲ ಬಚ್ಚಲಿನ ಗೋಡೆಗೆ ತಾನೇ ಮಣ್ಣು ಮೆತ್ತುತ್ತಿದ್ದಳು. ಅರ್ಧ ಗೋಡೆಯ ಮೇಲೆ, ಅರ್ಧ ಸೀರೆಯ ಮೇಲೆ.

“ಮುನಿಶಾಮಣ್ಣ ಇಲ್ವಾ ಅಕ್ಕ? ನಮ್ಮ ಅಡುಗೆಮನೆ ಗೋಡೆ ಮಳೆಗೆ ಬಿದ್ದೋಯ್ತು. ಇವತ್ತು ಬರ್ತೀನಿ ಅಂದಿದ್ದ.”

“ಒಳಗವ್ರೆ. ಕರ್ಕೊಂಡೋಗಪ್ಪ,” ಎಂದಳು, ತಿರುಗಿಯೂ ನೋಡದೆ.

ಸಿಂಗಾಪುರವೆಂಬ ಆ ಹಳ್ಳಿಯಲ್ಲಿ ಅವಳ ಗಂಡ ಮುನಿಶಾಮಪ್ಪ ಎಬ್ಬಿಸಿದ ಗೋಡೆಗಳೆಲ್ಲ ಬಲು ನೆಟ್ಟಗೆ. ಯಾರು ಕರೆದರೂ ಇಲ್ಲವೆನ್ನದ ಮನುಷ್ಯ. ಸ್ವಂತ ಬಚ್ಚಲಿನ ಗೋಡೆಯನ್ನು ಮಾತ್ರ, ಮಗಳು ಅಂಬೆಗಾಲಿಡುವಾಗ ಸೊಂಟದವರೆಗೆ ಎಬ್ಬಿಸಿ, ಒಣಗಲೆಂದು ಬಿಟ್ಟು ಹೋದವನು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದರೂ ಅದು ಸೊಂಟದಿಂದ ಮೇಲೇಳಲಿಲ್ಲ. ಹದಿನೆಂಟು ವರ್ಷದಿಂದ ಲಕ್ಕಮ್ಮ ಊರು ಏಳುವ ಮೊದಲೇ ಎದ್ದು, ಹಳೇ ಸೀರೆ ಅಡ್ಡ ಕಟ್ಟಿ, ನಾಲ್ಕು ಚೊಂಬು ಸುರಿದುಕೊಂಡು ಒಳಗೋಡುತ್ತಿದ್ದಳು. ಈಗ ಆ ಮಗಳೇ ಚೊಚ್ಚಲ ಹೆರಿಗೆಗೆ ಬರುವವಳು, ಇನ್ನು ಹತ್ತೇ ದಿನ. ಬಾಣಂತಿಗೆ ಹಾಗೆ ನೀರು ಹಾಕಲಾದೀತೇ?

ಮುನಿಶಾಮಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಬಂದ. “ಬಂದ್ಮೇಲೆ ಮುಗಿಸ್ತೀನಿ ಕಣೇ. ಪಾಪ, ಇವ್ನ ಮನೆಯಾಕೆ ಶಹರ್ಬಾನಮ್ಮ ಮರದ ಕೆಳಗೆ ಒಲೆ ಹೂಡವ್ರೆ.”

ಅತಾವುಲ್ಲಾ ಗೋಡೆ ನೋಡಿದ. ಲಕ್ಕಮ್ಮನ ಕೆಸರು ಕೈ ನೋಡಿದ.

“ಅಣ್ಣ, ನಮ್ಮನೆ ಬಚ್ಚಲು ಎಷ್ಟು ದಿನದಲ್ಲಿ ಕಟ್ಟಿಕೊಟ್ಟೆ?”

“ಒಂದು ವಾರ. ಯಾಕೆ, ಬಿರುಕು ಬಿಟ್ಟೈತಾ?”

“ಇಲ್ಲ. ಶಹರ್ಬಾನು ಪ್ರತಿ ಶುಕ್ರವಾರ ಅದ್ರಲ್ಲಿ ಸ್ನಾನ ಮಾಡ್ಬಂದು ನಿನಗೆ ಒಳ್ಳೇದಾಗ್ಲಿ ಅಂತ ದುವಾ ಮಾಡ್ತಾಳೆ.” ಅತಾವುಲ್ಲಾ ಮುನಿಶಾಮಪ್ಪನ ಹೆಗಲಿನ ಗುದ್ದಲಿಯನ್ನು ಕೆಳಗಿಳಿಸಿಬಿಟ್ಟ. “ಮಣ್ಣು ನಾನು ತುಳೀತೀನಿ. ಮೊದ್ಲು ಇದಾಗ್ಲಿ, ಆಮೇಲೆ ನಮ್ಮದು.”

“ಮತ್ತೆ ನಿಮ್ಮನೆ ಅಡುಗೆ?”

“ಮರ ಎಲ್ಲೂ ಓಡೋಗಲ್ಲ ಬಿಡಣ್ಣ.”

ಮುನಿಶಾಮಪ್ಪನಿಗೆ ನಾಚಿಕೆಯಾಯಿತು. ಅಂಗಿ ಬಿಚ್ಚಿದ. ಗೋಡೆ ಒಂದು ವರಸೆ ಎದ್ದ ಮೇಲೆ, ಇದು ಒಣಗುವಷ್ಟರಲ್ಲಿ ನಿಮ್ಮನೆಗೆ ಹೋಗಿಬರೋಣ ಎಂದ. ಅತಾವುಲ್ಲಾ ಜಗ್ಗಲಿಲ್ಲ. ಹಾಗೆ ಹೋಗಿಯೇ ಹದಿನೆಂಟು ವರ್ಷವಾದದ್ದು ಅವನಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಮೇಲೆ ಗರಿ ಹೊದಿಸಿ, ಬಾಗಿಲಿಗೆ ತಡಿಕೆ ಕಟ್ಟಿದರು. ಲಕ್ಕಮ್ಮ ಹೊಸ ಗೋಡೆಯನ್ನು ಅಂಗೈಯಿಂದ ಸವರಿದಳು. “ನಿನ್ನ ಮನೆ ತಣ್ಣಗಿರ್ಲಿ ಕಣಪ್ಪ,” ಎಂದಳು ಅತಾವುಲ್ಲಾನಿಗೆ. ಆಮೇಲೆ ಹಂಡೆ ತುಂಬ ನೀರು ಕಾಯಿಸಿ, ಹಾಡಹಗಲಲ್ಲಿ, ತಡಿಕೆ ಎಳೆದುಕೊಂಡು ಒಳಗೆ ಕೂತಳು.

ಗಂಡಸರಿಬ್ಬರೂ ಜಗಲಿಯಲ್ಲಿ ಕಾದರು. ಒಂದು ಗಂಟೆಯಾಯಿತು. ನೀರಿನ ಸದ್ದು ನಿಲ್ಲಲಿಲ್ಲ. ಮುನಿಶಾಮಪ್ಪ ಹಿತ್ತಲಿಗೆ ಬಂದು ಕೂಗಿದ.

“ಇನ್ನೂ ಆಗ್ಲಿಲ್ವೇನೇ?”

“ಅದ್ನೆಂಟು ವರ್ಸದ್ದು ಐತೆ,” ಎಂದಳು ಲಕ್ಕಮ್ಮ ಒಳಗಿನಿಂದ. “ನೀವು ಓಗಿ ಅವ್ರ ಗೋಡೆ ಮುಗಿಸ್ಕೊಂಡು ಬನ್ನಿ.”