ತಂಗಿಯ ದುಪಟ್ಟಾದಲ್ಲಿ ಕಾಯಿಹಾಲು

ಹೆಂಡತಿ ತೆಂಗಿನಕಾಯಿ ಹಾಲು ಸೋಸುವಾಗ ಆ ವಾಸನೆಗೆ ಇವತ್ತಿಗೂ ನನಗೆ ಹಳೆಯ ಒಂದು ಮಧ್ಯಾಹ್ನದ ಸಿಟ್ಟು ಬರುತ್ತದೆ. ವಿಠ್ಠಲವಾಡಿಯ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಅಮ್ಮನ ಕೈಗೆ ನೆಟ್ ಬಟ್ಟೆ ಸಿಕ್ಕರೆ ಮುಗಿಯಿತು: ಟಿವಿಗೆ ಹೊದಿಕೆ, ಕಿಟಕಿಗೆ ಪರದೆ, ಹುರಿದ ಮೀನಿಗೆ ನೊಣ ಕೂರದ ಹಾಗೆ ಮುಚ್ಚಳ. ಆ ಮಧ್ಯಾಹ್ನ, ಸಂಜೆ ಶಾಲೆಯ ನಾಟಕದಲ್ಲಿ ರಾಣಿಯಾಗಬೇಕಿದ್ದ ತಂಗಿಯ ಹೊಸ ನೆಟ್ ದುಪಟ್ಟಾದಲ್ಲೇ ಅಮ್ಮ ಪಾಯಸದ ಕಾಯಿಹಾಲು ಹಿಂಡಿಬಿಟ್ಟಿದ್ದಳು.

"ತೊಳೆದ್ರೆ ಹೋಗ್ತದೆ ಮಾರಾಯ, ಎಂತ ಬೊಬ್ಬೆ ನಿಂದು?" ಎಂದಳು.

ನಾನೇ ತೊಳೆದೆ, ನಾನೇ ಇಸ್ತ್ರಿ ಹಾಕಿದೆ. ಅಂಗೈಯಗಲ ನೆಟ್ ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡಿತು. ತಪ್ಪೆಲ್ಲ ಅಮ್ಮನದೇ ಎಂದು ಕೂಗಾಡಿದೆ.

ತಂಗಿ ಅದನ್ನು ಹೊದ್ದು ಕನ್ನಡಿ ನೋಡಿಕೊಂಡಳು. "ಚಲೇಗಾ ಅಣ್ಣ, ನಡೀತದೆ. ತೂತು ಬೆನ್ನಿಗೆ ಬರ್ತದೆ, ಜನ ಮುಂದೆ ಕೂತಿರ್ತಾರೆ."

ಇಸ್ತ್ರಿ ಹೆಚ್ಚು ಕಾದಿತ್ತೆಂದು ನಾನು ಇಂದಿಗೂ ಒಪ್ಪಿಲ್ಲ.