ಇಸ್ತ್ರಿಯವಳ ತಮ್ಮನನ್ನು ಹಾಜರುಪಡಿಸಿ

"ಎಲ್ಲಿ ಬಚ್ಚಿಟ್ಟಿದ್ದೀರಿ ಅವನನ್ನ?"

ಹೈಕೋರ್ಟ್ ನ್ಯಾಯಮೂರ್ತಿಗಳ ಪ್ರಶ್ನೆಗೆ ಇನ್ಸ್‌ಪೆಕ್ಟರ್ ಬೆವರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಹಿಂದಿನ ಬೆಂಚಿನವರು ನಕ್ಕರು.

ಅದು ಹೇಬಿಯಸ್ ಕಾರ್ಪಸ್ ಅರ್ಜಿ: ಅಕ್ರಮವಾಗಿ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಬೇಡಿಕೆ. ಹಾಕಿದವಳು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಅವಳ ತಮ್ಮ ಹುಟ್ಟುಮೂಗ, ಓದುಬರಹವೂ ಇಲ್ಲ. ಬಟ್ಟೆಗಂಟು ಕೊಟ್ಟುಬರಲು ಹೋದವನು ಒಂಬತ್ತು ವಾರವಾದರೂ ಮನೆ ಸೇರಿರಲಿಲ್ಲ. ಪೊಲೀಸರೇ ಜೀಪಿಗೆ ಹಾಕಿಕೊಂಡು ಹೋದರೆಂದು ಅವಳು ಪ್ರಮಾಣ ಮಾಡಿ ಬರೆಸಿದ್ದಳು. ಅವಳಿಗೆ ತನ್ನವರು ಅಂತ ಇದ್ದವನು ಅವನೊಬ್ಬನೇ.

ಇನ್ಸ್‌ಪೆಕ್ಟರ್ ಎಂಥ ಆಸಾಮಿ ಎಂಬುದು ಇಡೀ ಬೀದಿಗೆ ಗೊತ್ತು. ದೊಡ್ಡವರು ಬಂದರೆ ಕುರ್ಚಿ ಒರೆಸುವವನು, ಬಡವರು ಬಂದರೆ ಫ್ಯಾನಿನ ಕೆಳಗಿಂದ ಕದಲದವನು. ಇವಳು ನಾಲ್ಕು ಸಲ ಠಾಣೆಗೆ ಹೋಗಿ ತಮ್ಮ, ತಮ್ಮ ಎಂದು ಅತ್ತಾಗ, ಪೇಪರಿನಿಂದ ಮುಖ ಎತ್ತದೆ ಆಡಿದ್ದು ಒಂದೇ ಮಾತು: "ಇಲ್ಲಿಲ್ಲ, ನಡಿ."

ಈಗ ಅವನಿಗೆ ಬಾಯಿ ಬಂತು. "ನಾವು ಅವನನ್ನ ಮುಟ್ಟೇ ಇಲ್ಲ ಸ್ವಾಮಿ. ಕಾಣೆಯಾಗಿದ್ದಾನೆ ಅಂತ ಈಯಮ್ಮನೇ ಠಾಣೆಗೆ ಬಂದಿದ್ಲು."

"ದೂರು ಬರ್ಕೊಂಡ್ರಾ?"

ಬರೆದುಕೊಂಡಿರಲಿಲ್ಲ. ಅವಳು ಬಂದಳೆಂದು ಠಾಣೆಯ ದಿನಚರಿಯಲ್ಲಿ ಒಂದು ಸಾಲೂ ಇರಲಿಲ್ಲ. ಸುಳ್ಳಿಗೂ ಒಂದು ತಲೆಬುಡ ಬೇಡವೇ ಎಂಬಂತೆ ಸರ್ಕಾರಿ ವಕೀಲರೇ ಮುಖ ತಿರುಗಿಸಿದರು. ಏಳು ದಿನದೊಳಗೆ ಅವನನ್ನು ಹಾಜರುಪಡಿಸಿ, ಇಲ್ಲವೇ ಜೈಲಿಗೆ ಹೊರಡಲು ಹಾಸಿಗೆ ಸಮೇತ ನೀವೇ ಬನ್ನಿ ಎಂದು ಕೋರ್ಟು ಆದೇಶಿಸಿತು.

ಠಾಣೆಗೆ ಠಾಣೆಯೇ ಎದ್ದು ಓಡಿತು. ಐದನೇ ದಿನ ಇನ್ಸ್‌ಪೆಕ್ಟರ್ ಮೂಗನ ಕೈ ಹಿಡಿದು, ಮದುಮಗನನ್ನು ಕರೆತರುವಂತೆ ಕರೆತಂದ. ಮುನ್ನೂರು ಮೈಲಿ ಆಚೆ ನಿರ್ಗತಿಕರ ಆಶ್ರಮದಲ್ಲಿ ಸಿಕ್ಕಿದನಂತೆ. ಯಾರೂ ನಂಬಲಿಲ್ಲ. ಇಷ್ಟು ದಿನ ಯಾರು ಇಟ್ಟುಕೊಂಡಿದ್ದರು ಎಂದು ಕೇಳಿದರೆ ಮೂಗ ಅಕ್ಕನನ್ನು ನೋಡಿ ಅಳುತ್ತಿದ್ದ. ನ್ಯಾಯಮೂರ್ತಿಗಳು ಇನ್ಸ್‌ಪೆಕ್ಟರನ ಮಾನ ಹರಾಜು ಹಾಕಿ, ಅವನ ಮೇಲೆ ವಿಚಾರಣೆಗೆ ಆದೇಶಿಸಿ, ಮೂಗನನ್ನು ಅಕ್ಕನ ಜೊತೆ ಕಳಿಸಿದರು.

ಕೋರ್ಟಿನ ಮೆಟ್ಟಿಲ ಮೇಲೆ ಅವಳ ವಕೀಲ ಹಿಗ್ಗಿ ಹೀರೇಕಾಯಿಯಾಗಿದ್ದ. ವಿಚಾರಣೆಗೆ ಬೇಕಾಗುತ್ತದೆ, ತಮ್ಮನನ್ನು ಒಯ್ದ ಜೀಪಿನ ನಂಬರು ನೆನಪಿದೆಯೇ ಎಂದು ಕೇಳಿದ.

"ಅವರೆಲ್ಲಿ ಒಯ್ದಿದ್ರು ಸಾರ್? ಕಳೆದುಹೋಗಿದ್ದಾನೆ, ಹುಡುಕಿಕೊಡಿ ಅಂದಾಗ ಕುರ್ಚಿ ಬಿಟ್ಟು ಏಳ್ಲಿಲ್ಲ. ನೀವೇ ಬಚ್ಚಿಟ್ಟಿದ್ದೀರಿ ಅಂದಮೇಲೆ ಹುಡುಕಿದ್ರು."