ಸೀಟು ಏರಿಸಿದ ಕೈ

ಸಂಜೆ ಸೈಕಲ್ ಹತ್ತಿದರೆ ಕಾಲು ಪೆಡಲಿಗೆ ಎಟುಕಲಿಲ್ಲ. ಈ ವಾರ ಇದು ಮೂರನೆಯ ಸಲ. ಯಾರೋ ಸೀಟನ್ನು ನಾಲ್ಕು ಬೆರಳು ಏರಿಸಿದ್ದರು.

ಗಿರಣಿಯ ಗೇಟ್‌ಕೀಪರ್ ಸೈಕಲ್ಲನ್ನು ತಳ್ಳಿಕೊಂಡೇ ರಿಪೇರಿ ಅಂಗಡಿಗೆ ನುಗ್ಗಿದ. ಮೆಕ್ಯಾನಿಕ್ ತಾತ ಸೀಟಿನ ಬೋಲ್ಟನ್ನು ಬೆರಳಲ್ಲಿ ಸವರಿದ.

“ಪಳಗಿದ ಕೈ. ಒಂದು ಗೀರೂ ಬಿದ್ದಿಲ್ಲ. ಚೈನಿಗೆ ಎಣ್ಣೆ ಬೇರೆ ಬಿಟ್ಟಿದ್ದಾರೆ.”

“ನನ್ನ ಚೈನಿಗೆ ಎಣ್ಣೆ ಬಿಡೋಕೆ ಅವನ್ಯಾವನು?”

“ಯಾರೋ ಕಾಲು ಉದ್ದ ಇರೋರು. ಮನೇಲಿ ಯಾರ್ಯಾರಿದ್ದೀರಿ?”

“ನಾನು, ನನ್ನ ಹೆಂಡ್ತಿ ಗಿಡ್ಡಿ. ಇನ್ಯಾರೂ ಇಲ್ಲ.”

ತಾತ ಸೀಟು ಇಳಿಸಿಕೊಟ್ಟ. “ಸೀಟು ಸುಳ್ಳು ಹೇಳಲ್ಲ ಕಣಪ್ಪ. ಮನೇಲಿ ಸರಿಯಾಗಿ ಕಣ್ಣು ಬಿಟ್ಟು ನೋಡು.”

ಕಣ್ಣು ಬಿಡುವುದೆಲ್ಲಿ ಬಂತು? ಬೆಳಗಿನ ಪಾಳಿ ಮುಗಿಸಿ, ಎರಡಕ್ಕೆ ಉಂಡು ಮಲಗಿದರೆ ಆರರವರೆಗೆ ಅವನಿಗೆ ಲೋಕದ ಪರಿವೆಯೇ ಇಲ್ಲ. ಅಷ್ಟು ಹೊತ್ತು ಸೈಕಲ್ ತುಳಿಯುವವನು ಯಾರು? ಹಿಂದೆ ಕೂರುವವಳು ಇವಳೇ ತಾನೆ? ಬೀದಿಯ ಉದ್ದ ಕಾಲುಗಳನ್ನೆಲ್ಲ ಮನಸ್ಸಿನಲ್ಲೇ ಅಳೆದ. ಎದುರುಮನೆ ಟೇಲರ್. ಮೂಲೆಯ ಪೇಂಟರ್. ಮನೆಯ ಕಡೆಗೆ ಜೋರಾಗಿ ಪೆಡಲ್ ತುಳಿದ.

ಮನೆಯಲ್ಲಿ ಹೆಂಡತಿ ನೆಲ ಒರೆಸುತ್ತಿದ್ದಳು. ತಗ್ಗಿ ಬಗ್ಗಿ ನಡಿ ಎಂದು ಅವನಮ್ಮ ಮದುವೆಯ ವಾರವೇ ಹೇಳಿಕೊಟ್ಟಿದ್ದಳು. ಗಿಡ್ಡಿ ಎಂದು ಅವನು ಹೆಸರಿಟ್ಟಿದ್ದ. ಎರಡನ್ನೂ ಅವಳು ಪಾಲಿಸಿಕೊಂಡು ಬಂದಿದ್ದಳು.

“ಮಧ್ಯಾಹ್ನ ಯಾರೇ ಬರ್ತಾರೆ ಇಲ್ಲಿಗೆ?”

“ಬರೋರು ಯಾರೂ ಇಲ್ಲ.” ತಲೆ ಎತ್ತಲಿಲ್ಲ. “ಹೋಗೋರು ಇರಬಹುದು.”

“ಬಾಯಿ ಬೇರೆ. ಸಿಕ್ಕಿಬೀಳು, ಇಬ್ಬರನ್ನೂ ಬೀದಿಗೆ ಎಳೀತೀನಿ.”

ಮರುದಿನ ಉಂಡು ಮಲಗಿ ಸುಳ್ಳು ಗೊರಕೆ ಹೊಡೆದ. ಬಾಗಿಲು ಕಿರ್ ಎಂದಿತು. ಸಲಾಕೆ ಹಿಡಿದು ಬರಿಗಾಲಲ್ಲಿ ಹಿಂಬಾಲಿಸಿದ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ನೀಲಿ ಅಂಗಿ, ಪ್ಯಾಂಟು ತೊಟ್ಟ ಬೆನ್ನೊಂದು ಬಾಗಿ ಸೀಟಿನ ಬೋಲ್ಟು ಬಿಗಿಯುತ್ತಿತ್ತು.

“ಲೋ, ತಿರುಗೋ ಈ ಕಡೆ.”

ಬೆನ್ನು ತಿರುಗಲಿಲ್ಲ. ಬೋಲ್ಟು ಪೂರ್ತಿ ಬಿಗಿಯಾಯಿತು.

“ವರ್ಕ್‌ಶಾಪಿಗೆ ಹೊತ್ತಾಯ್ತು.” ಗಿಡ್ಡಿಯ ದನಿ. “ಒಂದು ವರ್ಷದಿಂದ ಅಲ್ಲಿ ಸೈಕಲ್ ರಿಪೇರಿ ಮಾಡ್ತಿದ್ದೀನಿ. ಮೊದಲೆಲ್ಲ ವಾಪಸ್ ಬಂದ ಮೇಲೆ ಸೀಟು ಇಳಿಸಿಡ್ತಿದ್ದೆ. ಈ ವಾರ ಬಿಟ್ಟುಬಿಟ್ಟೆ.”

“ನೀನಾ? ನಿನ್ನ ಕಾಲಿಗೆ ಆ ಸೀಟು...”

ಅವಳು ಸೈಕಲ್ಲನ್ನು ಬೀದಿಗೆ ತಂದು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿದಳು.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಹೆಂಡತಿಯ ಮುಖ ನೋಡಲು ಅವನು ಕತ್ತೆತ್ತಬೇಕಾಯಿತು.